ಓದುಗರ ಪ್ರಶ್ನೆ: ಬ್ರಿಟನ್ನಿನ ಒಂದು ಸುತ್ತು, ಕೊಡಗಿನ ಹಾಕಿ ಮೈದಾನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 400 ಮೀಟರ್ ಓಟದ ಬಗ್ಗೆ, ಅದರಲ್ಲೂ ಬ್ರಿಟನ್ನಿನ ಓಟಗಾರರ ಬಗ್ಗೆ ಇವೆ. ಜಿಲ್ಲೆಯ ಶಾಲಾ ಮೈದಾನಗಳಿಂದ ಬಂದ ಪ್ರಶ್ನೆಗಳನ್ನೂ ಜತೆಗೇ ತೆಗೆದುಕೊಂಡಿದ್ದೇವೆ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದು ಸುತ್ತಿನ ಓಟದಿಂದ ಬ್ರಿಟನ್ನಿಗೆ ನಾಲ್ಕು ಪದಕ ಬಂದವು. ಮರುವರ್ಷ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೂ ಬರಲಿಲ್ಲ. ಇಷ್ಟು ಬೇಗ ಕುಸಿಯಲು ಏನು ಕಾರಣ?
– ಮಡಿಕೇರಿಯ ಓದುಗರೊಬ್ಬರು

ಕುಸಿತ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಪ್ಯಾರಿಸ್‌ನಲ್ಲಿ ಮ್ಯಾಥ್ಯೂ ಹಡ್ಸನ್-ಸ್ಮಿತ್ 43.44 ಓಡಿ ಬೆಳ್ಳಿ ಗೆದ್ದರು. ಅದು ಯುರೋಪಿನ ದಾಖಲೆ. ಉಳಿದ ಮೂರೂ ಕಂಚು, ಮೂರೂ ರಿಲೇಯವು: ಪುರುಷರು 2:55.83, ಮಹಿಳೆಯರು 3:19.72, ಮಿಶ್ರ ತಂಡ 3:08.01. ಪುರುಷರ ರಿಲೇ ಸಮಯವನ್ನು ನಾಲ್ಕರಿಂದ ಭಾಗಿಸಿದರೆ ತಲೆಗೆ 43.96 ಬರುತ್ತದೆ. ಆ ನಾಲ್ವರಲ್ಲಿ ಒಂಟಿ ಓಟದಲ್ಲಿ 44ರ ಒಳಗೆ ಓಡಿದವರು ಹಡ್ಸನ್-ಸ್ಮಿತ್ ಒಬ್ಬರೇ. ಹಾಗಾದರೆ ಈ ಸರಾಸರಿ ಎಲ್ಲಿಂದ ಬಂತು? ಮೊದಲನೆಯವರು ಮಾತ್ರ ಬ್ಲಾಕ್‌ನಿಂದ ಏಳುತ್ತಾರೆ. ಉಳಿದ ಮೂವರು ಓಡುತ್ತಲೇ ಬ್ಯಾಟನ್ ಹಿಡಿಯುವುದರಿಂದ ಅರ್ಧ ಸೆಕೆಂಡಿಗಿಂತ ಹೆಚ್ಚು ಉಳಿಯುತ್ತದೆ. 44 ಚಿಲ್ಲರೆ ಓಡುವವರು ನಾಲ್ಕೈದು ಮಂದಿ ಇದ್ದರೆ ರಿಲೇ ಪದಕ ಕೈಗೆ ಎಟಕುತ್ತದೆ. ಬ್ರಿಟನ್ನಿನ ನಿಜವಾದ ಆಸ್ತಿ ಈ ಗುಂಪೇ.

ಇನ್ನು 2025. ಜುಲೈನ ಲಂಡನ್ ಕೂಟದಲ್ಲಿ ಚಾರ್ಲಿ ಡಾಬ್ಸನ್ 44.14 ಓಡಿ ಹಡ್ಸನ್-ಸ್ಮಿತ್ ಅವರನ್ನೇ ಹಿಂದೆ ಹಾಕಿದರು. ಬ್ರಿಟನ್ನಿನ ರಾಷ್ಟ್ರೀಯ ದಾಖಲೆ 1997ರಿಂದ 2022ರವರೆಗೆ 44.36ರಲ್ಲೇ ನಿಂತಿತ್ತು ಎಂಬುದನ್ನು ನೆನೆದರೆ ಇದು ಎಂಥ ಓಟ ಎಂದು ತಿಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಟೋಕಿಯೊದ ಚಿನ್ನ ಬೋಟ್ಸ್ವಾನಾದ ಕಾಲೆನ್ ಕೆಬಿನಾಟ್ಶಿಪಿ ಅವರಿಗೆ 43.53ಕ್ಕೆ ಹೋಯಿತು, ಕಂಚು 44.20ಕ್ಕೆ. ಅಂದರೆ ಡಾಬ್ಸನ್ ತಮ್ಮ ಜುಲೈ ಓಟವನ್ನು ಟೋಕಿಯೊ ಫೈನಲ್‌ನಲ್ಲಿ ಓಡಿದ್ದರೆ ಪದಕ ಅವರದ್ದೇ. ಕೊರತೆ ಇರುವುದು ವೇಗದಲ್ಲಲ್ಲ. ಬೇಸಿಗೆಯ ನಡುವೆ ಒಂದು ಸಂಜೆ ತೋರಿಸಿದ ಓಟವನ್ನು ಎರಡು ತಿಂಗಳ ಬಳಿಕ, ಹೀಟ್ಸ್ ಮತ್ತು ಸೆಮಿಫೈನಲ್ ಮುಗಿಸಿದ ಕಾಲುಗಳಿಂದ ಮತ್ತೆ ತೆಗೆಯಬೇಕು. ಹಡ್ಸನ್-ಸ್ಮಿತ್ 2022ರಲ್ಲಿ ಯೂಜೀನ್‌ನಲ್ಲಿ ಕಂಚು, 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಬೆಳ್ಳಿ ಎಂದು ಮೂರು ವರ್ಷ ಬಿಡದೆ ಅದನ್ನು ಮಾಡಿ ತೋರಿಸಿದ್ದರು. ಅವರು ತಪ್ಪಿದ ವರ್ಷ ಆ ಜಾಗ ತುಂಬಲು ಎರಡನೆಯವರು ಸಿದ್ಧರಿರಲಿಲ್ಲ.

ಬ್ರಿಟನ್ನಿಗೆ ಈ ಓಟದಲ್ಲಿ ಕೊನೆಯ ಬಾರಿ ಒಂಟಿ ಚಿನ್ನ ಬಂದದ್ದು ಯಾವಾಗ?
– ಕುಶಾಲನಗರದ ಕಾಲೇಜು ವಿದ್ಯಾರ್ಥಿ

ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 1924ರಲ್ಲಿ, ಅದೂ ಪ್ಯಾರಿಸ್‌ನಲ್ಲೇ. ಎರಿಕ್ ಲಿಡೆಲ್, 47.6 ಸೆಕೆಂಡು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೆ ಈವರೆಗೆ ಇಲ್ಲ. ಮಹಿಳೆಯರಲ್ಲಿ ಕ್ರಿಸ್ಟೀನ್ ಒಹುರುಗು 2007ರಲ್ಲಿ ವಿಶ್ವ ಚಾಂಪಿಯನ್, 2008ರಲ್ಲಿ ಒಲಿಂಪಿಕ್ ಚಾಂಪಿಯನ್, 2013ರಲ್ಲಿ ಮತ್ತೆ ವಿಶ್ವ ಚಾಂಪಿಯನ್. ಒಳಾಂಗಣವನ್ನೂ ಸೇರಿಸುವುದಾದರೆ 2025ರ ಮಾರ್ಚ್‌ನಲ್ಲಿ ನಾನ್‌ಜಿಂಗ್‌ನಲ್ಲಿ ಆಂಬರ್ ಆ್ಯನಿಂಗ್ ಗೆದ್ದರು.

ಹಡ್ಸನ್-ಸ್ಮಿತ್ ಪ್ಯಾರಿಸ್‌ನಲ್ಲಿ ಅಮೆರಿಕದ ಕ್ವಿನ್ಸಿ ಹಾಲ್‌ಗೆ ಸೋತದ್ದು 0.04 ಸೆಕೆಂಡಿನಿಂದ. ಅದು ಎಲ್ಲಿ ಕಳೆದುಹೋಯಿತು? ನನ್ನ 200 ಮೀಟರ್ ಸಮಯ 24.5. 400ರಲ್ಲಿ ಮೊದಲ 200ನ್ನು 24.9ಕ್ಕೆ ಮುಗಿಸುತ್ತೇನೆ, ಕೊನೆಯ ನೇರದಲ್ಲಿ ಕಾಲೇ ಏಳುವುದಿಲ್ಲ.
– ಪೊನ್ನಂಪೇಟೆಯ ಪಿಯು ವಿದ್ಯಾರ್ಥಿ

ಆ ವೇಗದಲ್ಲಿ 0.04 ಸೆಕೆಂಡು ಎಂದರೆ ಸುಮಾರು ಒಂದು ಅಡಿ. ಕೊನೆಯ ನೇರಕ್ಕೆ ಬಂದಾಗ ಹಡ್ಸನ್-ಸ್ಮಿತ್ ಮುಂದಿದ್ದರು, ಹಾಲ್ ಹಿಂದಿನಿಂದ ಬಂದು ಗೆರೆಯ ಹತ್ತಿರ ದಾಟಿದರು. ನೋಡುವವರಿಗೆ ಹಾಲ್ ವೇಗ ಹೆಚ್ಚಿಸಿದಂತೆ ಕಾಣುತ್ತದೆ. ಆದರೆ 400ರ ಕೊನೆಯ ನೂರರಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ, ಎಲ್ಲರೂ ನಿಧಾನವಾಗುತ್ತಲೇ ಇರುತ್ತಾರೆ. ಕಡಿಮೆ ನಿಧಾನವಾದವನು ಗೆಲ್ಲುತ್ತಾನೆ.

ನಿನ್ನ ತೊಂದರೆಯೂ ಅಲ್ಲೇ ಇದೆ. 200ರ ಉತ್ತಮ ಸಮಯವನ್ನು ಎರಡರಿಂದ ಗುಣಿಸಿ ನಾಲ್ಕು ಸೆಕೆಂಡು ಸೇರಿಸು: 49 ಮತ್ತು 4, ಒಟ್ಟು 53. ಇದು ಸದ್ಯಕ್ಕೆ ನಿನ್ನ ಗುರಿ. ಮೊದಲ 200 ನಿನ್ನ ಉತ್ತಮ ಸಮಯಕ್ಕಿಂತ ಒಂದು ಸೆಕೆಂಡು ನಿಧಾನ ಇರಬೇಕು, ಅಂದರೆ 25.5. ಎರಡನೆಯದು 27.5. ನೀನು ಈಗ 0.4 ಸೆಕೆಂಡು ಮಾತ್ರ ಬಿಟ್ಟುಕೊಡುತ್ತಿದ್ದೀಯ. ಆಗ ಸ್ನಾಯುವಿನಲ್ಲಿ ಆಮ್ಲದ ಅಂಶ ಬೇಗ ಏರುತ್ತದೆ, 300ರ ಹೊತ್ತಿಗೆ ಕಾಲು ಕಲ್ಲಾಗುತ್ತದೆ. ಮೊದಲು ಉಳಿಸಿದ 0.6 ಸೆಕೆಂಡು ಕೊನೆಯ ನೂರರಲ್ಲಿ ಎರಡು ಸೆಕೆಂಡಾಗಿ ವಸೂಲಾಗುತ್ತದೆ.

ಮೊದಲ 50 ಮೀಟರ್ ಪೂರ್ತಿ ಬಲ ಹಾಕು, ಅಲ್ಲಿ ತಡೆದುಕೊಂಡರೆ ಲಾಭವಿಲ್ಲ. ಆಮೇಲೆ ಹಿಂಬದಿಯ ನೇರದಲ್ಲಿ ಭುಜ, ದವಡೆ ಸಡಿಲ ಬಿಟ್ಟು ಅದೇ ವೇಗದಲ್ಲಿ ತೇಲಿಕೊಂಡು ಹೋಗು. 200ರ ಗುರುತು ಬಂದೊಡನೆ ತೋಳಿನ ಬೀಸು ಹೆಚ್ಚಿಸು. ಹೆಚ್ಚಿನವರು ಇಲ್ಲೇ, ಎರಡನೇ ತಿರುವಿನಲ್ಲಿ, ಗೊತ್ತಿಲ್ಲದೆ ನಿದ್ದೆ ಹೋಗುತ್ತಾರೆ. ಪ್ರತಿ 50 ಮೀಟರಿಗೆ ಒಂದು ಗೂಟ ನೆಟ್ಟು, ಸ್ನೇಹಿತನ ಕೈಗೆ ಸ್ಟಾಪ್‌ವಾಚ್ ಕೊಟ್ಟು 200ರಲ್ಲಿ ಸಮಯ ಕೂಗಿಸು. ವಾರಕ್ಕೊಮ್ಮೆ 300 ಮೀಟರ್ ಓಡಿ, ಒಂದೇ ನಿಮಿಷ ನಿಂತು, 100 ಮೀಟರ್ ಓಡು. ಹತ್ತರಿಂದ ಹನ್ನೆರಡು ನಿಮಿಷ ನಡೆದಾಡಿ ಇನ್ನೊಂದು ಸಲ. ಎರಡನೇ ಸಲದ 300 ಮೊದಲನೆಯದಕ್ಕಿಂತ ಎರಡು ಸೆಕೆಂಡು ಹಿಂದೆ ಬಿದ್ದರೆ ಅಂದಿಗೆ ಸಾಕು. ಮೂರನೆಯದನ್ನು ಓಡಿದರೆ ತೊಡೆಯ ಹಿಂದಿನ ಸ್ನಾಯು ಎಳೆದುಕೊಳ್ಳುವುದೇ ಹೆಚ್ಚು.

ನಮ್ಮಲ್ಲಿ 400 ಮೀಟರ್ ಟ್ರ್ಯಾಕ್ ಹಾಕುವಷ್ಟು ಜಾಗವಿಲ್ಲ. ಹಾಕಿ ಮೈದಾನ ಇದೆ. ಅದರಲ್ಲಿ ಸರಿಯಾದ ಅಳತೆಯ ಒಂದು ಸುತ್ತು ಸಿಗುತ್ತದೆಯೇ?
– ಸೋಮವಾರಪೇಟೆ ಕಡೆಯ ದೈಹಿಕ ಶಿಕ್ಷಣ ಶಿಕ್ಷಕರು

ಸಿಗುತ್ತದೆ ಮೇಷ್ಟ್ರೇ, 200 ಮೀಟರಿನ ಸುತ್ತು, ನಾಲ್ಕು ಲೇನ್. ನಾನ್‌ಜಿಂಗ್‌ನಲ್ಲಿ ಆ್ಯನಿಂಗ್ ಚಿನ್ನ ಗೆದ್ದದ್ದೂ 200 ಮೀಟರ್ ಟ್ರ್ಯಾಕ್‌ನಲ್ಲೇ, ಎರಡು ಸುತ್ತು ಓಡಿ.

ಹಾಕಿ ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಉದ್ದಕ್ಕೆ ನಡುಗೆರೆ ಎಳೆದು, ಮೈದಾನದ ಮಧ್ಯಬಿಂದುವಿನಿಂದ ಎರಡೂ ಕಡೆಗೆ 25 ಮೀಟರಿಗೆ ಒಂದೊಂದು ಗೂಟ ಹೊಡೆಯಿರಿ. ಗೂಟಗಳ ನಡುವೆ 50 ಮೀಟರ್ ಆಯಿತು, ಅದೇ ನೇರದ ಉದ್ದ. ಪ್ರತಿ ಗೂಟದಿಂದ 15.72 ಮೀಟರ್ ತ್ರಿಜ್ಯದಲ್ಲಿ ಅರ್ಧವೃತ್ತ ಎಳೆದರೆ ಒಳಗಿನ ಗೆರೆ. ಮುಂದಿನ ಗೆರೆಗಳು 16.94, 18.16, 19.38, 20.60ಕ್ಕೆ, ಏಕೆಂದರೆ ಲೇನಿನ ಅಗಲ 1.22. ಒಟ್ಟು ಉದ್ದ 91.20 ಮೀಟರ್, ಮೈದಾನದೊಳಗೆ ಸರಿಯಾಗಿ ಕೂರುತ್ತದೆ. ಗೋಲ್ ಕಂಬಗಳನ್ನು ಮಾತ್ರ ಹಿಂದಕ್ಕೆ ಸರಿಸಿ.

ಓಟದ ದೂರವನ್ನು ಸುಣ್ಣದ ಗೆರೆಯ ಮೇಲೆ ಅಳೆಯುವುದಿಲ್ಲ, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. 15.72ಕ್ಕೆ 0.20 ಸೇರಿಸಿದರೆ 15.92, ಎರಡೂ ಅರ್ಧವೃತ್ತ ಸೇರಿ 100 ಮೀಟರ್, ನೇರಗಳು ಇನ್ನೊಂದು 100. ಎತ್ತರದ ಅಂಚುಪಟ್ಟಿ ಇರುವ ದೊಡ್ಡ ಟ್ರ್ಯಾಕ್‌ಗಳಲ್ಲಿ ಮೊದಲ ಲೇನಿಗೆ ಮಾತ್ರ 30 ಸೆಂಟಿಮೀಟರ್ ಲೆಕ್ಕ. ಅದಕ್ಕೇ ಅಲ್ಲಿ ಎರಡನೇ ಲೇನಿನ ಮುಂಗಡ, ಅಂದರೆ ಹೊರಲೇನಿನವರು ಹೊರಡುವಾಗ ಮುಂದೆ ನಿಲ್ಲುವ ಅಂತರ, 7.04 ಮೀಟರ್. ಅದನ್ನು ಪುಸ್ತಕದಿಂದ ಎತ್ತಿ ಹುಲ್ಲಿನ ಮೈದಾನಕ್ಕೆ ಹಾಕುವುದು ನಮ್ಮ ಕೂಟಗಳಲ್ಲಿ ಕಾಣುವ ಸಾಮಾನ್ಯ ತಪ್ಪು, ಎರಡನೇ ಲೇನಿನ ಮಗುವಿಗೆ ಅರವತ್ತು ಸೆಂಟಿಮೀಟರಿಗಿಂತ ಹೆಚ್ಚು ನಷ್ಟ.

ಓಟವನ್ನು ಒಳಾಂಗಣದ ನಿಯಮದಂತೆ ಓಡಿಸಿ: ಮೊದಲ ಎರಡು ತಿರುವು ತಮ್ಮ ಲೇನಿನಲ್ಲೇ, ಎರಡನೇ ತಿರುವು ಮುಗಿದ ಮೇಲೆ ಎಲ್ಲರೂ ಒಳಗೆ ಬರಬಹುದು. ಅಲ್ಲಿ ಎರಡು ಬಾವುಟ ನೆಡಿ. ಮುಗಿಯುವ ಗೆರೆ ಮುಂಬದಿಯ ನೇರದ ಕೊನೆಯಲ್ಲಿರಲಿ, ಮೊದಲ ಲೇನಿನವರು ಅಲ್ಲಿಂದಲೇ ಹೊರಡುತ್ತಾರೆ. ಎರಡನೇ ಲೇನಿಗೆ 7.68, ಮೂರಕ್ಕೆ 15.39, ನಾಲ್ಕಕ್ಕೆ 23.13 ಮೀಟರ್ ಮುಂಗಡ ಕೊಡಿ. ಆಯಾ ಲೇನಿನ ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ, ತಿರುವಿನ ಉದ್ದಕ್ಕೂ ಅಳೆಯಬೇಕು.

ಹಗ್ಗ ಬೇಡ, ಸ್ಟೀಲ್ ಟೇಪ್ ಬಳಸಿ. ಅರ್ಧವೃತ್ತ ಎಳೆಯುವಾಗ ಹಗ್ಗ ನೂರಕ್ಕೆ ಒಂದು ಪಾಲು ಹಿಗ್ಗಿದರೂ ಸುತ್ತಿಗೆ ಸುಮಾರು ಒಂದು ಮೀಟರ್, ಎರಡು ಸುತ್ತಿಗೆ ಎರಡು ಮೀಟರ್ ಹೆಚ್ಚಾಗುತ್ತದೆ. ಶಾಲಾ ಓಟಗಾರನಿಗೆ ಅದು ಕಾಲು ಸೆಕೆಂಡು. ಇನ್ನೊಂದು ಮಾತು, ತಿರುವು ಬಿಗಿ ಇರುವುದರಿಂದ ಸಮಯ ನಿಧಾನವೇ ಬರುತ್ತದೆ. ಆ್ಯನಿಂಗ್ ಹೊರಗೆ 49.29 ಓಡಿದವರು, ನಾನ್‌ಜಿಂಗ್‌ನಲ್ಲಿ ಗೆದ್ದದ್ದು 50.60ಕ್ಕೆ, ಅದೂ ಇಳಿಜಾರು ಕೊಟ್ಟ ತಿರುವಿನಲ್ಲಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ. ಕೈಗಡಿಯಾರದ ಸಮಯವನ್ನು ಮುಂದಿನ ಹತ್ತನೇ ಅಂಶಕ್ಕೆ ಏರಿಸಿ ಬರೆಯಿರಿ, ಎಲೆಕ್ಟ್ರಾನಿಕ್ ಸಮಯದ ಜತೆ ಹೋಲಿಸುವಾಗ 0.14 ಸೇರಿಸಿ.

ಓಟಗಾರ್ತಿ ಎಂ.ಆರ್. ಪೂವಮ್ಮನಂಥವರು ಹೊರಟ ಜಿಲ್ಲೆ ನಮ್ಮದು. ಬ್ರಿಟನ್ನಿನ ಹುಡುಗಿಯರಿಗೂ ನಮ್ಮವರಿಗೂ ಅಂತರ ಅಷ್ಟೊಂದು ಇದೆಯೇ?
– ಗೋಣಿಕೊಪ್ಪಲಿನ ತಾಯಿಯೊಬ್ಬರು

ಹದಿನೆಂಟರ ವಯಸ್ಸಿನಲ್ಲಿ ಇಲ್ಲ. 2022ರಲ್ಲಿ ಕೊಲಂಬಿಯಾದ ಕ್ಯಾಲಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ ಬ್ರಿಟನ್ನಿನ ಯೆಮಿ ಮೇರಿ ಜಾನ್ 51.50ಕ್ಕೆ ಚಿನ್ನ ಗೆದ್ದರು, ನಮ್ಮ ರೂಪಲ್ ಚೌಧರಿ 51.85ಕ್ಕೆ ಕಂಚು. ಮೂರೇ ಹೆಜ್ಜೆ ದೂರವೂ ಇಲ್ಲ. ಹಿರಿಯರಲ್ಲಿ ಅಂತರ ಬೆಳೆಯುತ್ತದೆ: ಭಾರತದ ದಾಖಲೆ ಹಿಮಾ ದಾಸ್ ಅವರ 50.79, 2018ರದ್ದು. ಆ್ಯನಿಂಗ್ ಪ್ಯಾರಿಸ್ ಫೈನಲ್‌ನಲ್ಲಿ 49.29 ಓಡಿ ಐದನೆಯವರಾದರು, ಒಹುರುಗು ಅವರ 49.41ರ ದಾಖಲೆ ಮುರಿದರು. ಅವರು ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಬೆಳೆದವರು. ಚಳಿಗಾಲದಲ್ಲಿ ಒಳಾಂಗಣ, ವಸಂತದಲ್ಲಿ ಹೊರಾಂಗಣ, ಪ್ರತಿ ಕೂಟದಲ್ಲೂ ಒಂಟಿ ಓಟದ ಜತೆಗೆ ರಿಲೇ. ವರ್ಷಕ್ಕೆ ಇಷ್ಟು ಸಲ ತಮಗಿಂತ ಬಲಿಷ್ಠರ ಜತೆ ಓಡಲು ನಮ್ಮ ಹುಡುಗಿಯರಿಗೆ ಸಿಗುತ್ತಿಲ್ಲ, ನಮ್ಮ ಪ್ರಕಾರ ಅಂತರದ ದೊಡ್ಡ ಪಾಲು ಅದೇ. ಆದರೂ ವಿಶ್ವದ ತುದಿ ಬ್ರಿಟನ್ನಿಗೂ ದೂರ: ಟೋಕಿಯೊದಲ್ಲಿ ಸಿಡ್ನಿ ಮೆಕ್‌ಲಾಫ್ಲಿನ್-ಲೆವ್ರೋನ್ ಗೆದ್ದದ್ದು 47.78ಕ್ಕೆ.

ನಿಮ್ಮ ಮಗಳಿಗೆ ಹದಿನಾಲ್ಕು ಎಂದು ಬರೆದಿದ್ದೀರಿ. ಈಗ 100, 200 ಮತ್ತು ರಿಲೇ ಸಾಕು. ಪೂವಮ್ಮ ಅವರ ಏಷ್ಯನ್ ಗೇಮ್ಸ್ ಚಿನ್ನಗಳೂ ರಿಲೇಯಿಂದಲೇ ಬಂದವು.

ಜೂನ್ ಬಂದರೆ ಮೈದಾನ ಕೆಸರು. ಸೆಪ್ಟೆಂಬರ್‌ವರೆಗೆ ಏನು ಮಾಡಿಸುವುದು?
– ವಿರಾಜಪೇಟೆಯ ಹವ್ಯಾಸಿ ತರಬೇತುದಾರರು

ಏರು ಹತ್ತಿಸಿ. ಎಸ್ಟೇಟ್ ರಸ್ತೆಯಲ್ಲಿ 60ರಿಂದ 80 ಮೀಟರಿನ ಮಂದ ಏರು ಸಿಕ್ಕರೆ ಆರರಿಂದ ಎಂಟು ಓಟ, ಇಳಿಯುವಾಗ ನಡಿಗೆ. ಏರಿನಲ್ಲಿ ಪಾದ ದೇಹದ ಕೆಳಗೇ ಬೀಳುತ್ತದೆ, ಹೆಜ್ಜೆ ಮುಂದಕ್ಕೆ ಚಾಚುವುದಿಲ್ಲ, ಹಾಗಾಗಿ ತೊಡೆಯ ಹಿಂಭಾಗಕ್ಕೆ ಎಳೆತ ಕಡಿಮೆ. ಏರು ಕಡಿದಾದರೆ ಸೊಂಟ ಬಾಗಿ ಓಟವೇ ಕೆಡುತ್ತದೆ. ಹುಡುಗರು ನೆಲ ನೋಡಿಕೊಂಡು ಓಡತೊಡಗಿದರೆ ಜಾಗ ಬದಲಿಸಿ. ಓಡಿಸುವ ಮೊದಲು ರಸ್ತೆಯನ್ನು ನೀವೇ ನಡೆದು ನೋಡಿ. ಪಾಚಿ ಕಟ್ಟಿದ ಡಾಂಬರು, ಸಿಲ್ವರ್ ಓಕ್‌ನ ಒದ್ದೆ ಎಲೆ, ಎರಡೂ ಜಾರುತ್ತವೆ. ಗುಡಿಸಿ, ಇಲ್ಲವೇ ಬೇರೆ ತುಂಡು ಹುಡುಕಿ.

ಮಳೆ ಬಿಟ್ಟ ದಿನ ಹುಲ್ಲಿನ ಮೇಲೆ ಓಡಿಸುವುದಾದರೆ ಸ್ಪೈಕ್ಸ್‌ಗೆ 12 ಮಿಲಿಮೀಟರಿನ ಮೊಳೆ ಹಾಕಿಸಿ. ಸಿಂಥೆಟಿಕ್ ಟ್ರ್ಯಾಕ್‌ನ 6 ಮಿಲಿಮೀಟರ್ ಮೊಳೆ ಕೆಂಪು ಮಣ್ಣಿನಲ್ಲಿ ಹಿಡಿಯುವುದಿಲ್ಲ. ಎರಡು ಓಟಕ್ಕೊಮ್ಮೆ ಅಡಿಯ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆಸಿ. ಮನೆಗೆ ಹೋದ ಮೇಲೆ ಮೊಳೆಗಳನ್ನು ಬಿಚ್ಚಿ ಒರೆಸಿ, ತಿರುಪಿಗೆ ಒಂದು ಹನಿ ತೆಂಗಿನೆಣ್ಣೆ ಹಚ್ಚಿಡಲಿ. ಆಗಸ್ಟ್‌ವರೆಗೆ ಹಾಗೇ ಬಿಟ್ಟರೆ ತುಕ್ಕು ಕಚ್ಚಿಕೊಂಡು ಕೀಲಿಗೂ ಬಗ್ಗುವುದಿಲ್ಲ.