ಓದುಗರ ಪ್ರಶ್ನೆ: ಏನೂ ಇಲ್ಲದ ಚಿತ್ರಕ್ಕೆ ಅರವತ್ತೇಳು ಕೋಟಿನಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಬ್ಬರೇ ಕಲಾವಿದರ ಬಗ್ಗೆ. ವಿ.ಎಸ್. ಗಾಯ್ತೊಂಡೆ. 2025ರ ಸೆಪ್ಟೆಂಬರ್‌ನಲ್ಲಿ ಅವರ 1970ರ ಒಂದು ಚಿತ್ರ ಹರಾಜಿನಲ್ಲಿ 67.08 ಕೋಟಿ ರೂಪಾಯಿಗೆ ಹೋಯಿತಲ್ಲ, ಆ ಸುದ್ದಿ ಓದಿದವರೆಲ್ಲ ಬರೆದ ಹಾಗಿದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಚಿತ್ರದ ಫೋಟೊ ನೋಡಿದೆ. ಗೋಡೆಗೆ ಬಣ್ಣ ಬಳಿದು ಅಲ್ಲಲ್ಲಿ ಕಿತ್ತು ಬಂದ ಹಾಗಿದೆ. ಇದನ್ನು ನನ್ನ ಮೊಮ್ಮಗನೂ ಬಿಡಿಸುತ್ತಾನೆ. ಇದರಲ್ಲಿ ಮೋಸ ಇಲ್ಲ ಅಂತ ಹೇಗೆ ನಂಬೋದು?

ಮೊಮ್ಮಗನಿಗೆ ಬಣ್ಣ ಕೊಟ್ಟು ಕೂರಿಸಿ ನೋಡಿ ಸಾರ್. ಅವನು ಸೂರ್ಯ, ಗುಡ್ಡ, ಮನೆ ಬರೆಯುತ್ತಾನೆ. ಇಲ್ಲಾಂದ್ರೆ ಗೀಚುತ್ತಾನೆ. ಏನೂ ಬರೆಯದೆ ಒಂದು ಹಾಳೆಯನ್ನು ತುಂಬಿಸೋದು ಮಕ್ಕಳ ಕೈಲಿ ಆಗದ ಕೆಲಸ, ದೊಡ್ಡವರ ಕೈಲೂ ಕಷ್ಟ.

ಆದರೆ ನಿಮ್ಮ ಅನುಮಾನವನ್ನು ಪೂರ್ತಿ ತಳ್ಳಿಹಾಕಲ್ಲ. ಬೆಲೆ ಬೇರೆ, ಚಿತ್ರ ಬೇರೆ. ಹರಾಜಿನಲ್ಲಿ ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಏರುತ್ತದೆ. ಗಾಯ್ತೊಂಡೆ ಬರೆದದ್ದೇ ಕಡಿಮೆ, ವರ್ಷಕ್ಕೆ ಐದೋ ಆರೋ ಕ್ಯಾನ್ವಾಸ್. ಬೇಕು ಅನ್ನೋರು ಜಾಸ್ತಿ, ಸಿಗೋದು ಕಡಿಮೆ. 2013ರಲ್ಲಿ ಮುಂಬೈ ಹರಾಜಿನಲ್ಲಿ 23.7 ಕೋಟಿ ಆಯಿತು, 2021ರಲ್ಲಿ ಸುಮಾರು 40 ಕೋಟಿ, ಈಗ ಇದು. ಚಿತ್ರಗಳಂತೂ ಇದ್ದ ಹಾಗೇ ಇವೆ, ಬದಲಾದದ್ದು ಕೊಳ್ಳುವವರ ಜೇಬು. ಆದ್ದರಿಂದ 67 ಕೋಟಿ ಅನ್ನೋದನ್ನು ಮರೆತು ನೋಡಿ. ಹಾಗೆ ನೋಡಿಯೂ ಹಿಡಿಸದಿದ್ದರೆ ಹಿಡಿಸಲಿಲ್ಲ ಅಷ್ಟೇ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಪ್ರಶ್ನೆ: ಹುಸೇನ್, ರಝಾ ಹೆಸರು ಕೇಳಿದ್ದೇವೆ. ಇವರ ಹೆಸರು ಇಷ್ಟು ದಿನ ಎಲ್ಲಿತ್ತು? ಇವರ ಜೀವನದ ಬಗ್ಗೆ ಸ್ವಲ್ಪ ಹೇಳಿ.

ಹೆಸರು ಇತ್ತು, ಆದರೆ ಮಾತಾಡಬೇಕಾದ ಮನುಷ್ಯ ಮಾತಾಡುತ್ತಿರಲಿಲ್ಲ.

ವಾಸುದೇವ ಸಂತು ಗಾಯ್ತೊಂಡೆ ಹುಟ್ಟಿದ್ದು 1924ರಲ್ಲಿ, ನಾಗಪುರದಲ್ಲಿ. ತಂದೆತಾಯಿ ಗೋವಾದವರು. ಬೆಳೆದದ್ದು ಮುಂಬೈ ಗಿರ್‌ಗಾಂವ್‌ನ ಚಾಳ್‌ನಲ್ಲಿ. ಒಂದು ಗೋಡೆಯ ಆಚೆ ಯಾರೋ ಜಗಳ, ಇನ್ನೊಂದರ ಆಚೆ ರೇಡಿಯೊ, ಚಾಳ್ ಅಂದರೆ ಹಾಗೇ ಅಲ್ವಾ. ಅಂಥ ಕಡೆ ಬೆಳೆದವರು ಮುಂದೆ ಅಷ್ಟು ನಿಶ್ಶಬ್ದವಾದ ಚಿತ್ರ ಬರೆದದ್ದು ನನಗೆ ಯಾವಾಗಲೂ ಸೋಜಿಗ. ಜೆ.ಜೆ. ಕಲಾಶಾಲೆಯಲ್ಲಿ ಓದಿ 1948ರಲ್ಲಿ ಡಿಪ್ಲೊಮಾ ಮುಗಿಸಿದರು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಕಲಿತು, ಪಾಠ ಹೇಳಿದ ಶಾಲೆಯೂ ಅದೇ. 1950ರಲ್ಲಿ ಹುಸೇನ್, ರಝಾ, ಸೂಜಾ ಇದ್ದ, ಮುಂಬೈ ಕಲಾವಿದರ ಪ್ರೋಗ್ರೆಸ್ಸಿವ್ ಗುಂಪು ಸೇರಿದರು. ಆದರೆ ಗುಂಪಿನ ಗಲಾಟೆ ಅವರಿಗೆ ಒಗ್ಗಲಿಲ್ಲ ಅನ್ನಿಸುತ್ತದೆ. ಹುಸೇನ್ ಎಲ್ಲಿದ್ದರೂ ಸುದ್ದಿ, ಇವರು ಇದ್ದ ಕಡೆಯೇ ಗೊತ್ತಾಗುತ್ತಿರಲಿಲ್ಲ.

ಮೊದಲು ಇವರೂ ಮನುಷ್ಯರನ್ನು ಬರೆದರು, ನಮ್ಮ ಹಳೆಯ ಚಿಕಣಿ ಚಿತ್ರಗಳ ಗಟ್ಟಿ ಬಣ್ಣ ಇಟ್ಟುಕೊಂಡು. ಆಮೇಲೆ ಸ್ವಿಟ್ಜರ್ಲೆಂಡಿನ ಪೌಲ್ ಕ್ಲೇ ಅವರ ಚಿತ್ರಗಳು ಹಿಡಿಸಿದವು, ಗೆರೆಗಳು ಸಡಿಲವಾದವು. 1950ರ ದಶಕ ಮುಗಿಯುವ ಹೊತ್ತಿಗೆ ಮನುಷ್ಯರೂ ಹೋದರು, ಗೆರೆಗಳೂ ಹೋದವು. ಆ ಹೊತ್ತಿಗೆ ಜೆನ್ ಬೌದ್ಧ ಚಿಂತನೆ ಓದುತ್ತಿದ್ದರು. ಇಲ್ಲೊಂದು ಮಾತು ಹೇಳಲೇಬೇಕು, ಯಾಕೆಂದರೆ ಒಬ್ಬ ಓದುಗರು 'ಇವರು ಅಮೆರಿಕದ ಚಿತ್ರಕಾರ ರೋತ್ಕೊ ಅವರ ನಕಲು ಅಲ್ವಾ' ಅಂತ ಬರೆದಿದ್ದಾರೆ. ಗಾಯ್ತೊಂಡೆ ರಾಕ್‌ಫೆಲರ್ ಫೆಲೊಶಿಪ್ ಮೇಲೆ ನ್ಯೂಯಾರ್ಕಿಗೆ ಹೋದದ್ದು 1964ರಲ್ಲಿ. ಅವರ 1962ರ ಚಿತ್ರವೊಂದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲೇ ಇದೆ, ಅದು ಆಗಲೇ ವಸ್ತು ಬಿಟ್ಟ ಚಿತ್ರ. ಅಮೆರಿಕ ಅವರನ್ನು ಇನ್ನಷ್ಟು ಗಟ್ಟಿ ಮಾಡಿರಬಹುದು, ದಾರಿ ಹಿಡಿದದ್ದು ಮಾತ್ರ ಇಲ್ಲಿ.

1971ರಲ್ಲಿ ಪದ್ಮಶ್ರೀ ಬಂತು. ಮರುವರ್ಷ ಮುಂಬೈ ಬಿಟ್ಟು ದೆಹಲಿಗೆ ಹೋದರು. ನಿಜಾಮುದ್ದೀನ್‌ನಲ್ಲಿ ಮಹಡಿ ಮೇಲಿನ ಬರ್ಸಾತಿ, ಅಂದರೆ ತಾರಸಿಗೆ ಅಂಟಿಕೊಂಡ ಚಿಕ್ಕ ಮನೆ. ಮದುವೆ ಆಗಲಿಲ್ಲ. ಸಂಗೀತ ಕೇಳೋದು, ಓದೋದು, ಸುಮ್ನೆ ಕೂರೋದು. ಅದರ ಮಧ್ಯೆ ಚಿತ್ರ. ಓಡಾಟ, ನೆಂಟಸ್ತಿಕೆ, ಪ್ರದರ್ಶನದ ಸಡಗರ ಎಲ್ಲ ಒಂದೊಂದಾಗಿ ಕೈಬಿಟ್ಟ ಹಾಗೆ ಕಾಣುತ್ತದೆ. ಇದನ್ನು ಕೆಲವರು ದೊಡ್ಡ ತಪಸ್ಸು ಅಂತ ಬರೆಯುತ್ತಾರೆ. ನನಗೆ ಅಷ್ಟು ಖಾತ್ರಿ ಇಲ್ಲ. ಗದ್ದಲ ಆಗದ ಮನುಷ್ಯ ಗದ್ದಲದಿಂದ ದೂರ ಇದ್ದರು, ಅದಕ್ಕೆ ಕಾವಿ ಉಡಿಸೋದು ಯಾಕೆ?

1984ರಲ್ಲಿ ಅಪಘಾತವಾಯಿತು. ಕೆಲವು ವರ್ಷ ದೊಡ್ಡ ಕ್ಯಾನ್ವಾಸ್ ಮುಟ್ಟಲು ಆಗಲಿಲ್ಲ, ಚಿಕ್ಕ ಕಾಗದದ ಮೇಲೆ ಶಾಯಿಯಲ್ಲಿ ಬರೆದರು. ಆಮೇಲೆ ಮತ್ತೆ ಕ್ಯಾನ್ವಾಸ್‌ಗೆ ಮರಳಿದರು, ಕೊನೆಯ ವರ್ಷಗಳಲ್ಲಿ ಅದೂ ನಿಂತಿತು. ತೀರಿಕೊಂಡದ್ದು 2001ರ ಆಗಸ್ಟ್‌ನಲ್ಲಿ. ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ ಆಗಿದ್ದು 2014ರಲ್ಲಿ, ಅಂದರೆ ಹದಿಮೂರು ವರ್ಷ ತಡವಾಗಿ.

ಪ್ರಶ್ನೆ: ಈ 67 ಕೋಟಿಯಲ್ಲಿ ಕಲಾವಿದರಿಗೆ ಎಷ್ಟು ಸಿಕ್ಕಿತು?

ಸೊನ್ನೆ. ತೀರಿಕೊಂಡು 24 ವರ್ಷ ಆಗಿತ್ತು. ಹರಾಜಿನ ದುಡ್ಡು ಚಿತ್ರ ಇಟ್ಟುಕೊಂಡಿದ್ದವರಿಗೆ ಮತ್ತು ಹರಾಜು ನಡೆಸಿದವರಿಗೆ ಹೋಗುತ್ತದೆ.

ಪ್ರಶ್ನೆ: ನಾನು ಕಲಾ ವಿದ್ಯಾರ್ಥಿನಿ. ಅವರು ಬ್ರಷ್ ಬಳಸುತ್ತಿರಲಿಲ್ಲ ಅಂತ ನಮ್ಮ ಮೇಷ್ಟ್ರು ಹೇಳಿದರು. ಹಾಗಾದರೆ ಹೇಗೆ ಬರೆಯುತ್ತಿದ್ದರು?

ನಿಮ್ಮ ಮೇಷ್ಟ್ರು ಹೇಳಿದ್ದು ಸರಿಯೇ. ರೋಲರ್ ಮತ್ತು ಪ್ಯಾಲೆಟ್ ನೈಫ್ ಅವರ ಮುಖ್ಯ ಸಾಮಾನು. ರೋಲರ್ ಅಂದರೆ ಉರುಳಿಸಿ ಬಣ್ಣ ಹಚ್ಚೋದು, ಪ್ಯಾಲೆಟ್ ನೈಫ್ ಅಂದರೆ ಬಣ್ಣ ಕಲಸುವ ಚಪ್ಪಟೆ ಚಾಕು. ಒಂದು ಪದರ ಎಣ್ಣೆಬಣ್ಣ, ಅದು ಆರಬೇಕು, ಅದರ ಮೇಲೆ ಇನ್ನೊಂದು ತೆಳು ಪದರ. ಅಲ್ಲಲ್ಲಿ ಚಾಕುವಿನಿಂದ ಕೆರೆದು ತೆಗೆದರೆ ಕೆಳಗಿನ ಬಣ್ಣ ಇಣುಕುತ್ತದೆ. ಕಾಗದದ ಚೂರುಗಳಿಗೆ ಬಣ್ಣ ಹಚ್ಚಿ, ಕ್ಯಾನ್ವಾಸ್ ಮೇಲಿಟ್ಟು ಒತ್ತಿ ಎತ್ತುತ್ತಿದ್ದರು, ಆಗ ಉಳಿಯುವ ಗುರುತುಗಳೇ ಆ ಚಿತ್ರಗಳಲ್ಲಿ ತೇಲುವ ಲಿಪಿಯ ಹಾಗೆ ಕಾಣುವ ಆಕಾರಗಳು. ಯಾವ ಲಿಪಿಯೂ ಅಲ್ಲ ಅದು, ಓದೋಕೆ ಹೋಗಬೇಡಿ.

ಗಮನಿಸಿ, ಇದರಲ್ಲಿ ಹಚ್ಚುವಷ್ಟೇ ತೆಗೆಯುವ ಕೆಲಸ ಇದೆ. ಮೊದಲ ಓದುಗರಿಗೆ ಗೋಡೆಯ ಬಣ್ಣ ಕಿತ್ತು ಬಂದ ಹಾಗೆ ಕಂಡಿದ್ದು ಅದಕ್ಕೇ. ಅವರು ನೋಡಿದ್ದು ಸರಿಯಾಗೇ ಇದೆ, ಆ ಕಿತ್ತು ಬಂದದ್ದರ ಹಿಂದೆ ಎಷ್ಟು ಲೆಕ್ಕಾಚಾರ ಇದೆ ಅನ್ನೋದು ಫೋಟೊದಲ್ಲಿ ಕಾಣಲ್ಲ ಅಷ್ಟೇ. ನೀವು ಮನೆಯಲ್ಲಿ ಮಾಡಿ ನೋಡಿ. ಮೂರನೇ ಪದರಕ್ಕೆ ಎಲ್ಲ ಸೇರಿ ಕೆಸರಾಗುತ್ತದೆ. ನನಗೆ ಆಗಿದೆ. ಒಂದು ಪದರ ಆರುವ ತನಕ ಕಾಯೋ ತಾಳ್ಮೆ ನನಗೆ ಇರಲಿಲ್ಲ, ಆ ಕ್ಯಾನ್ವಾಸ್ ಈಗ ಗ್ಯಾರೇಜಿನಲ್ಲಿ ಸ್ಕೂಟರಿಗೆ ಧೂಳು ಬೀಳದ ಹಾಗೆ ಅಡ್ಡ ನಿಂತಿದೆ.

ಪ್ರಶ್ನೆ: ಅಮೂರ್ತ ಚಿತ್ರಕ್ಕೆ ಅರ್ಥ ಇರುತ್ತದಾ? ಇದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲ ಅಂತ ಹೇಳಿ.

ಗಾಯ್ತೊಂಡೆ ತಮ್ಮ ಚಿತ್ರವನ್ನು ಅಮೂರ್ತ ಅಂತ ಕರೆಯೋದನ್ನೇ ಒಪ್ಪುತ್ತಿರಲಿಲ್ಲ. ಅಮೂರ್ತ ಅಂದರೆ ಯಾವುದೋ ಒಂದು ವಸ್ತುವಿನಿಂದ ಹೊರಟು ಅದರ ಆಕಾರ ಕರಗಿಸಿದ್ದು. ಮರವನ್ನು ನೋಡಿ ನಾಲ್ಕು ಗೆರೆಗೆ ಇಳಿಸಿದ ಹಾಗೆ. ಇವರು ಹೊರಡುವಾಗಲೇ ವಸ್ತು ಇಲ್ಲ. ವಸ್ತುವೇ ಇಲ್ಲದ ಚಿತ್ರ ಅಂತ ಬೇಕಾದರೆ ಕರೆಯಿರಿ ಅನ್ನೋದು ಅವರ ನಿಲುವು. ಹೆಸರೂ ಇಡುತ್ತಿರಲಿಲ್ಲ, ಹೆಚ್ಚಿನವು 'ಶೀರ್ಷಿಕೆ ಇಲ್ಲ' ಅಂತಲೇ ಇವೆ.

ಇಂಥ ಪ್ರಶ್ನೆ ಬಂದಾಗ ಎಲ್ಲರೂ ರಾಗಾಲಾಪನೆಯ ಉದಾಹರಣೆ ಕೊಡುತ್ತಾರೆ, ಆಲಾಪಕ್ಕೆ ಅರ್ಥ ಕೇಳ್ತೀರಾ ಅಂತ. ನಾನೂ ಕೊಡುತ್ತಿದ್ದೆ. ಈಗ ಬಿಟ್ಟಿದ್ದೇನೆ, ಯಾಕೆಂದರೆ ಆಲಾಪ ಕೇಳುವವನಿಗೆ ರಾಗದ ನಡೆ ಮೊದಲೇ ಸ್ವಲ್ಪ ಗೊತ್ತಿರುತ್ತದೆ, ಇಲ್ಲಿ ಆ ಆಸರೆಯೂ ಇಲ್ಲ. ಬಾವಿಯೊಳಗೆ ಇಣುಕಿದ್ದೀರಲ್ಲ? ಮೊದಲು ಕಪ್ಪು. ಸ್ವಲ್ಪ ಹೊತ್ತು ಹೋದರೆ ಪಾಚಿ, ಕಲ್ಲು, ಇನ್ನೂ ಕೆಳಗೆ ನೀರಿನ ಹೊಳಪು. ಬಾವಿಗೆ ಅರ್ಥ ಏನು ಅಂತ ಯಾರೂ ಕೇಳಲ್ಲ. ಆದರೆ ಬಗ್ಗಿದವರು ಬೇಗ ಏಳೋದೂ ಇಲ್ಲ. ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ: ನೀವು ಕೇಳುವ ಥರದ ಅರ್ಥ ಇಲ್ಲ.

ಪ್ರಶ್ನೆ: ಇಂಥ ಚಿತ್ರದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ತಮಾಷೆಗೆ ಕೇಳಿದ್ದಲ್ಲ.

ತಮಾಷೆಗೇ ಕೇಳಿದ್ದರೂ ಒಳ್ಳೆ ಪ್ರಶ್ನೆ. ಗಾಯ್ತೊಂಡೆ 1960ರ ದಶಕದ ಕೊನೆಯಿಂದ ಹೆಚ್ಚಾಗಿ ಉದ್ದಕ್ಕೆ ನಿಲ್ಲುವ ಕ್ಯಾನ್ವಾಸನ್ನೇ ಬಳಸಿದರು, ಹಾಗಾಗಿ ಅಡ್ಡ ನೇತುಹಾಕುವ ಅಪಾಯ ಕಡಿಮೆ. ತಲೆಕೆಳಗೆ ಮಾಡುವ ಅಪಾಯ ಇದ್ದೇ ಇದೆ. ಮೇಲು ಕೆಳಗು ತಿಳಿಯೋಕೆ ಅಂತ ಎದುರಿಗೆ ಅವರ ಸಹಿ ಹುಡುಕಬೇಡಿ. ಚಿತ್ರದ ಮುಖಕ್ಕೆ ಅದೂ ಜಾಸ್ತಿ ಅನ್ನಿಸಿತೋ ಏನೋ, ಹೆಸರು ಮತ್ತು ಇಸವಿಯನ್ನು ಕ್ಯಾನ್ವಾಸಿನ ಬೆನ್ನಿಗೆ ಬರೆಯುತ್ತಿದ್ದರು, ದೇವನಾಗರಿಯಲ್ಲಿ.