ಭಾಷಾವಿಜ್ಞಾನದಲ್ಲಿ ಬಿಎ ಆಯಿತು, ಸಾಲ ಮಾಡಿ ವಿದೇಶಕ್ಕೆ ಹೋಗಲೇ?

ಭಾಷಾವಿಜ್ಞಾನ ಓದಿದವರಿಗೆ ಮುಂದೆ ಏನು ಕೆಲಸ, 25 ಲಕ್ಷ ಸಾಲ ಮಾಡಿ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎ ಮಾಡಬಹುದೇ ಎಂದು ಕೇಳಿದ್ದೀರಿ. ಯಾವ ಕೆಲಸ ಬೇಕೆಂದು ನಿಮಗೇ ಖಚಿತವಾಗುವ ತನಕ ದಯವಿಟ್ಟು ಸಾಲದ ಪತ್ರಕ್ಕೆ ಸಹಿ ಹಾಕಬೇಡಿ.

ಮೈಸೂರಿನಲ್ಲಿ ಎಂಎ ಮುಗಿಸಿದ ವರ್ಷ ಒಂದು ಕನ್ಸಲ್ಟೆನ್ಸಿಯವರು ನನ್ನಿಂದ ಐದು ಕಡೆ ಅರ್ಜಿ ಹಾಕಿಸಿದರು. ಐದಕ್ಕೂ ಒಂದೇ ಎಸ್‌ಒಪಿ (ಯಾಕೆ ಓದಬೇಕೆಂದಿದ್ದೇನೆ ಎಂದು ಅರ್ಜಿಯ ಜೊತೆ ಬರೆಯುವ ಪತ್ರ): ಚಿಕ್ಕಂದಿನಿಂದ ಭಾಷೆಗಳೆಂದರೆ ಪ್ರೀತಿ, ನಾಲ್ಕು ಭಾಷೆ ಬರುತ್ತದೆ. ಎಲ್ಲೂ ಸ್ಕಾಲರ್‌ಶಿಪ್ ಸಿಗಲಿಲ್ಲ, ಹೋಗಲಾಗಲಿಲ್ಲ.

ಮರುವರ್ಷ ಬರೆದದ್ದೇ ಬೇರೆ. ನಮ್ಮ ಮನೆಮಾತು ತುಳು. ಅದರಲ್ಲಿ 'ನಾವು' ಎನ್ನಲು ಎರಡು ಪದ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟು ಹೇಳಿದರೆ 'ಎಂಕುಲು'. ಹಾಗಾದರೆ 'ನಾವು ಊಟಕ್ಕೆ ಹೋಗುತ್ತೇವೆ' ಎಂಬ ಕನ್ನಡ ವಾಕ್ಯವನ್ನು ಕಂಪ್ಯೂಟರ್ ತುಳುವಿಗೆ ಅನುವಾದಿಸುವಾಗ ಯಾವುದನ್ನು ಹಾಕಬೇಕು? ಆ ಒಂದು ವಾಕ್ಯ ನೋಡಿದರೆ ತಿಳಿಯದು, ಹಿಂದುಮುಂದಿನ ಮಾತು ನೋಡಬೇಕು. ಅಜ್ಜಿ ಮತ್ತು ಅತ್ತೆಯ ಮಾತುಕತೆ ರೆಕಾರ್ಡ್ ಮಾಡಿ, 300 ವಾಕ್ಯ ಬರೆದುಕೊಂಡು, ಎಲ್ಲೆಲ್ಲಿ ಯಾವುದು ಬಂತೆಂದು ಗುರುತು ಹಾಕಿದೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಕಲಿತೆ. ಅದನ್ನೇ ಎರಡು ಪುಟ ಬರೆದು ಕಳಿಸಿದ್ದಕ್ಕೆ ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಮತ್ತು ತಂತ್ರಜ್ಞಾನದ ಎಂಎಸ್ಸಿಗೆ ಸೀಟು ಸಿಕ್ಕಿತು.

ಕಂಪ್ಯೂಟರಿನ ಕಡೆ ಒಲವಿದ್ದರೆ ಆ ದಾರಿ ನೋಡಿ. ಅಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಸಣ್ಣ ಮೊತ್ತ ಕಟ್ಟಬೇಕು. ಟ್ಯೂಬಿಂಗನ್, ಸ್ಟುಟ್‌ಗಾರ್ಟ್‌ಗಳಲ್ಲೂ ಒಳ್ಳೆಯ ಕೋರ್ಸುಗಳಿವೆ, ಆದರೆ ಅವೆರಡೂ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಂದ ಸೆಮಿಸ್ಟರಿಗೆ 1500 ಯೂರೋ ತೆಗೆದುಕೊಳ್ಳುತ್ತದೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ತೋರಿಸಬೇಕು. ಅದು ನಿಮ್ಮದೇ ದುಡ್ಡು, ತಿಂಗಳಿಗೆ 992ರಂತೆ ಖರ್ಚಿಗೆ ಕೈಗೆ ಬರುತ್ತದೆ. ನಮ್ಮ ಅಂಕಪಟ್ಟಿ, ಪದವಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು, ಅದಕ್ಕೆ ಬೇಗ ಅರ್ಜಿ ಹಾಕಿ.

ಸಂಶೋಧನೆಯೇ ಗುರಿಯಾದರೆ ಒಂದು ವರ್ಷದ ಎಂಎಗೆ ನನ್ನ ತಕರಾರಿದೆ. ಸೆಪ್ಟೆಂಬರಿನಲ್ಲಿ ಹೋಗಿ ಇಳಿಯುತ್ತೀರಿ, ಡಿಸೆಂಬರ್-ಜನವರಿಗೆ ಪಿಎಚ್‌ಡಿ ಅರ್ಜಿಗಳ ಗಡುವು. ಅಷ್ಟರೊಳಗೆ ಯಾವ ಪ್ರೊಫೆಸರ್ ನಿಮ್ಮನ್ನು ಬಲ್ಲವರಾಗಿ ಶಿಫಾರಸು ಪತ್ರ ಬರೆದಾರು? ಅಮೆರಿಕದಲ್ಲಿ ಬಿಎ ನಂತರ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಸೀಟು ಸಿಕ್ಕರೆ ಸಾಮಾನ್ಯವಾಗಿ ಶುಲ್ಕ ಮಾಫಿ, ಸ್ಟೈಪೆಂಡೂ ಇರುತ್ತದೆ. ಪೈಪೋಟಿ ಮಾತ್ರ ಬಹಳ.

ಅಲ್ಲಿ ಕನ್ನಡಕ್ಕೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. ಕುಣಿ-ಕುಣಿಸು, ಓಡು-ಓಡಿಸು ಎನ್ನುವಾಗ ಬರುವ ನಮ್ಮ 'ಇಸು' ಪ್ರತ್ಯಯವನ್ನೇ ಇಟ್ಟುಕೊಂಡು ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಕನ್ನಡದ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ವಾಕ್ಯದ ಅರ್ಥ ಹಿಡಿಯಲು ಮಕ್ಕಳು ಆತುಕೊಂಡದ್ದು 'ಇಸು'ವಿಗಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದಕ್ಕೆ. 2003ರಲ್ಲಿ ಪ್ರಕಟವಾದ ಆ ಕೆಲಸವನ್ನು ಮಕ್ಕಳ ಭಾಷಾಕಲಿಕೆಯ ಚರ್ಚೆಯಲ್ಲಿ ಈಗಲೂ ಎತ್ತಿಕೊಳ್ಳುತ್ತಾರೆ. ಇಂಥ ಪ್ರಶ್ನೆ ನಿಮಗೂ ಹೊಳೆಯಬಹುದು, ಯಾಕೆಂದರೆ ಭಾಷೆ ನಿಮ್ಮ ನಾಲಗೆಯ ಮೇಲಿದೆ.

ಸ್ಪೀಚ್ ಥೆರಪಿ ಯೋಚನೆ ಇದ್ದರೆ ಒಂದು ಎಚ್ಚರಿಕೆ: ಭಾಷಾವಿಜ್ಞಾನದ ಎಂಎ ಸಾಲದು. ಇಲ್ಲಿ ಅದಕ್ಕೆ ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ) ಓದಿ ಆರ್‌ಸಿಐಯಲ್ಲಿ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಾಯಿಸಬೇಕು.

ಈ ವರ್ಷ ಅವಸರ ಮಾಡದೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಪ್ರಾಜೆಕ್ಟುಗಳಲ್ಲೋ ಬೆಂಗಳೂರಿನ ಭಾಷಾ ದತ್ತಾಂಶದ ಕಂಪನಿಗಳಲ್ಲೋ ಕೆಲಸ ಹುಡುಕಿ. ಸಂಬಳ ಹೆಚ್ಚು ನಿರೀಕ್ಷಿಸಬೇಡಿ. ದಿನವಿಡೀ ವಾಕ್ಯಗಳನ್ನು ಬಿಡಿಸುತ್ತಾ ಕೂರುವುದು ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದಂತೂ ಗೊತ್ತಾಗುತ್ತದೆ.

ನಿಮ್ಮ ಮನೆಮಾತು ಯಾವುದೆಂದು ಬರೆದಿಲ್ಲ. ಅದನ್ನೂ, ಪರೀಕ್ಷೆ ಮುಗಿದ ಮೇಲೂ ತಲೆಯಲ್ಲಿ ಉಳಿದ ಪಾಠ ಯಾವುದೆಂಬುದನ್ನೂ ತಿಳಿಸಿ. ನನ್ನ ಆ ಎರಡು ಪುಟ ಇನ್ನೂ ಇದೆ, ಕಳಿಸುತ್ತೇನೆ.