ಗುಜರಿ ಕಬ್ಬಿಣದಿಂದ ವುಡ್ ಲೇತ್‌ಗೆ ಫೇಸ್‌ಪ್ಲೇಟ್ ಮಾಡಿಕೊಳ್ಳಬಹುದಾ? ಓಲಾಡದೆ ತಿರುಗುತ್ತದಾ?

ಲೇತ್ ಜೊತೆ ಒಂದೇ ಫೇಸ್‌ಪ್ಲೇಟ್ (ಕಡೆಯುವ ಮರವನ್ನು ಸ್ಕ್ರೂ ಹಾಕಿ ಲೇತಿಗೆ ಹಿಡಿಸುವ ಕಬ್ಬಿಣದ ಬಿಲ್ಲೆ) ಬಂದಿದೆ, ಅದರ ಮೇಲೆ ಅರ್ಧ ಕಡೆದ ಬಟ್ಟಲು ಕೂತಿದೆ, ಇನ್ನೊಂದು ಕೆಲಸ ಶುರು ಮಾಡೋಕೆ ಆಗ್ತಿಲ್ಲ ಅಂತ ಬರೆದಿದ್ದೀರಿ. ನನಗೂ ಇದೇ ತಾಪತ್ರಯ ಇತ್ತು. ಈಗ ನನ್ನ ಹತ್ತಿರ ಐದು ಇವೆ, ಅದರಲ್ಲಿ ಕಂಪನಿಯದು ಒಂದೇ. ಹಾಗಾಗಿ ಧೈರ್ಯವಾಗಿ ಮಾಡಿ. ಆದರೆ ನಾನು ಮೊದಲು ತಂದದ್ದು ವಾಪಸ್ ಗುಜರಿಗೇ ಹೋಯಿತು.

ನನ್ನ ಲೇತಿನ ಸ್ಪಿಂಡಲ್, ಅಂದರೆ ಫೇಸ್‌ಪ್ಲೇಟ್ ಕೂರುವ ಥ್ರೆಡ್ಡಿರುವ ತಿರುಗುವ ದಂಡ, 33 ಮಿ.ಮೀ. ದಪ್ಪ. ಗುಜರಿ ಅಂಗಡಿಯಲ್ಲಿ 1 ಇಂಚಿನ ನೀರಿನ ಪೈಪಿನ ಫ್ಲ್ಯಾಂಜ್ ಸಿಕ್ಕಿತು. ದುಂಡಗೆ, ಸುತ್ತ ತೂತು, ಮಧ್ಯದಲ್ಲಿ ಥ್ರೆಡ್. ಇನ್ನೇನು ಬೇಕು ಅನ್ನಿಸಿತು. ಪೈಪಿನ 1 ಇಂಚು ಒಳಗಿನ ಅಳತೆ, ಹೊರಗೆ ಥ್ರೆಡ್ ಹತ್ತಿರ ಹತ್ತಿರ 33 ಮಿ.ಮೀ. ಬರುತ್ತದೆ. ಒಂದು ಸುತ್ತು ಹೋಗಿ ನಿಂತಿತು. ನಾನು ಸುಮ್ನೆ ಇರದೆ ಪೈಪ್ ಪಾನ ಹಾಕಿ ತಿರುಗಿಸಿದೆ. ಪೈಪ್ ಥ್ರೆಡ್ಡಿನಲ್ಲಿ ಇಂಚಿಗೆ 11 ಹಲ್ಲು, ಅಂದರೆ ಹಲ್ಲಿನಿಂದ ಹಲ್ಲಿಗೆ 2.3 ಮಿ.ಮೀ. ನನ್ನ ಸ್ಪಿಂಡಲ್ಲಿನದು 3.5. ಸ್ಪಿಂಡಲ್ಲಿನ ಮೊದಲ ಹಲ್ಲು ನಜ್ಜಾಯಿತು. ಮೂರು ಮೂಲೆ ಅರದಲ್ಲಿ ಅದನ್ನು ತೀಡಿ ಸರಿಮಾಡುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಆದ್ದರಿಂದ ಫ್ಲ್ಯಾಂಜ್ ಬಿಡಿ, ಸ್ಪಿಂಡಲ್ಲಿಗೆ ಹೊಂದುವ ನಟ್ ಹುಡುಕಿ. ಅದನ್ನು ಕಬ್ಬಿಣದ ಪ್ಲೇಟಿಗೆ ವೆಲ್ಡಿಂಗ್ ಮಾಡಿದರೆ ಫೇಸ್‌ಪ್ಲೇಟ್ ಆಯಿತು. ಸಣ್ಣ ಲೇತ್‌ಗಳಲ್ಲಿ ಜಾಸ್ತಿ ಕಾಣುವುದು ಎರಡು ಅಳತೆ: 1 ಇಂಚು ದಪ್ಪ, ಇಂಚಿಗೆ 8 ಹಲ್ಲು; ಇಲ್ಲವೇ ಎಂ33, ಅಂದರೆ 33 ಮಿ.ಮೀ. ದಪ್ಪ, ಹಲ್ಲಿನಿಂದ ಹಲ್ಲಿಗೆ 3.5 ಮಿ.ಮೀ. ಎರಡಕ್ಕೂ ನಟ್-ಬೋಲ್ಟ್ ಅಂಗಡಿಯ ಮಾಮೂಲಿ ನಟ್ ಹೊಂದುತ್ತದೆ. 1 ಇಂಚಿನದಾದರೆ ಒಂದು ಎಚ್ಚರ: ವಿಟ್‌ವರ್ತ್ (ಹಳೇ ಬ್ರಿಟಿಷ್ ಅಳತೆ) ನಟ್ಟಿನಲ್ಲೂ ಇಂಚಿಗೆ 8 ಹಲ್ಲೇ ಇರುತ್ತದೆ, ಆದರೆ ಹಲ್ಲಿನ ಕೋನ 55 ಡಿಗ್ರಿ. ನಿಮಗೆ ಬೇಕಾದದ್ದು 60 ಡಿಗ್ರಿಯ ಯುಎನ್‌ಸಿ, ಅಂದರೆ ಅಮೆರಿಕನ್ ಇಂಚಿನ ಅಳತೆಯದು. ಲೇತ್ ಹೊತ್ತುಕೊಂಡು ಅಂಗಡಿಗೆ ಹೋಗೋಕಾಗಲ್ಲ ಅಲ್ವಾ? ಕಂಪನಿ ಫೇಸ್‌ಪ್ಲೇಟ್ ಒಯ್ಯಿರಿ. ಅದರೊಳಗೆ ಬಿಗಿಯಿಲ್ಲದೆ, ಸಡಿಲವೂ ಇಲ್ಲದೆ ಹೋಗುವ ಬೋಲ್ಟ್ ಆರಿಸಿ, ಆ ಬೋಲ್ಟಿಗೆ ನಟ್ ಕೊಳ್ಳಿ. ಬೋಲ್ಟನ್ನೂ ತನ್ನಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪ್ಲೇಟಿಗೆ ಗೇಟು, ಗ್ರಿಲ್ ಮಾಡುವವರ ಹತ್ತಿರ 6 ಮಿ.ಮೀ. ತುಂಡು ಕೇಳಿ. ಪೂರ್ತಿ ದುಂಡಗೆ ಇರಬೇಕು ಅಂತೇನಿಲ್ಲ, ಮೂಲೆ ಕತ್ತರಿಸಿದ್ದರೆ ಸಾಕು. ಆದರೆ ನಡುವೆ ಸ್ಪಿಂಡಲ್ ನುಸುಳುವಷ್ಟು ತೂತು ಬೇಕೇ ಬೇಕು. ಇಲ್ಲದಿದ್ದರೆ ಸ್ಪಿಂಡಲ್ ತುದಿ ಪ್ಲೇಟಿಗೆ ತಾಗಿ, ನಟ್ ಹಿಂದಿನ ಭುಜದವರೆಗೆ (ಸ್ಪಿಂಡಲ್ಲಿನ ಥ್ರೆಡ್ ಮುಗಿಯುವಲ್ಲಿನ ಅಗಲದ ಮೆಟ್ಟಿಲು) ಹೋಗುವುದೇ ಇಲ್ಲ. ನಟ್ ಮೇಲೆ ಬಿಳಿ ಸತುವಿನ ಲೇಪ ಇದ್ದರೆ ವೆಲ್ಡಿಂಗ್‌ಗೆ ಮೊದಲು ಉಜ್ಜಿ ತೆಗೆಯಿರಿ, ಆ ಹೊಗೆ ಒಳ್ಳೆಯದಲ್ಲ.

ಈಗ ಓಲಾಡುವ ವಿಷಯ. ನನ್ನ ಎರಡನೇ ಪ್ಲೇಟ್ ಬೆಂಡಾದ ಸೈಕಲ್ ಚಕ್ರದ ಹಾಗೆ ತಿರುಗಿತು. ಪ್ಲೇಟ್ ಸೊಟ್ಟ ಅಂದುಕೊಂಡು ಸುತ್ತಿಗೆಯಲ್ಲಿ ಹೊಡೆದೆ. ತಪ್ಪು ಅಲ್ಲಿರಲಿಲ್ಲ. ಸ್ಪಿಂಡಲ್ಲಿನ ಭುಜಕ್ಕೆ ಒತ್ತಿ ನಿಲ್ಲುವುದು ನಟ್ಟಿನ ಹಿಂಭಾಗ. ಅಂಗಡಿ ನಟ್ಟಿನ ಮುಖ ಥ್ರೆಡ್ಡಿಗೆ ನೇರ ಇರುತ್ತದೆ ಅನ್ನುವ ಖಾತ್ರಿಯಿಲ್ಲ, ವೆಲ್ಡಿಂಗ್ ಕಾವಿಗೆ ಇನ್ನಷ್ಟು ಎಳೆಯುತ್ತದೆ. ಅದಕ್ಕೇ ವೆಲ್ಡಿಂಗ್ ಆಗಿ ತಣ್ಣಗಾದ ಮೇಲೆ ಕಬ್ಬಿಣ ಕಡೆಯುವ ಲೇತ್ ಶಾಪಿಗೆ ಹೋಗಿ. ನಟ್ ಜೊತೆ ತಂದ ಬೋಲ್ಟಿನ ತಲೆ ಕತ್ತರಿಸಿ, ಅವರ ಲೇತಿನ ಚಕ್ಕಿನಲ್ಲಿ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಹಿಡಿದು, ಪ್ಲೇಟನ್ನು ಅದಕ್ಕೆ ತಿರುಗಿಸಿ, ನಟ್ಟಿನ ಹಿಂಭಾಗ ಒಂದು ಸಲ ಸವರಿಕೊಡಿ ಅನ್ನಿ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಮುಂದಿನ ಮುಖಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 18 ಮಿ.ಮೀ. ಪ್ಲೈವುಡ್ ತುಂಡೊಂದನ್ನು ಪ್ಲೇಟಿಗೆ ಸ್ಕ್ರೂ ಹಾಕಿ, ನಿಮ್ಮ ಲೇತಿಗೇ ಏರಿಸಿ, ಉಳಿಯಲ್ಲಿ ಮಟ್ಟ ಮಾಡಿ. ನಡುವೆ ಕೂದಲೆಳೆ ತಗ್ಗು ಬಿಡಿ, ಆಗ ಮರ ಅಂಚಿನ ಮೇಲೆ ಭದ್ರವಾಗಿ ಕೂರುತ್ತದೆ. ಕಬ್ಬಿಣ ಸ್ವಲ್ಪ ಸೊಟ್ಟ ಇದ್ದರೂ ಪ್ಲೈವುಡ್ ಮುಖ ಅದೇ ಲೇತಿನಲ್ಲಿ ಕಡೆದದ್ದು, ಓಲಾಡೋಕೆ ದಾರಿಯೇ ಇಲ್ಲ.

ಜಿಪ್ಸಮ್ ಬೋರ್ಡಿಗೆ ಹೊಡೆಯುವ ಕಪ್ಪು ಸ್ಕ್ರೂ ಮಾತ್ರ ಬೇಡ. ಅದು ಬಾಗುವುದಿಲ್ಲ, ಪಟ್ಟಂತ ಮುರಿಯುತ್ತದೆ. ದಪ್ಪ ಮರದ ಸ್ಕ್ರೂ ಹಾಕಿ. ವೇಗಕ್ಕೆ ಹಳೇ ಲೆಕ್ಕ ಒಂದಿದೆ: ಮರದ ಅಡ್ಡಳತೆ ಇಂಚಿನಲ್ಲಿ, ಅದನ್ನು ಆರ್‌ಪಿಎಂಗೆ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. 8 ಇಂಚಿನ ಬಟ್ಟಲಿಗೆ 750ರಿಂದ 1100. ಹೊಸ ಪ್ಲೇಟಿನ ಮೊದಲ ಓಟ ಇರುವುದರಲ್ಲೇ ಕಡಿಮೆ ವೇಗದಲ್ಲಿ, ಮುಖಕ್ಕೆ ಶೀಲ್ಡ್ ಹಾಕಿ, ಪಕ್ಕಕ್ಕೆ ನಿಂತು. ಮನೆ ವೆಲ್ಡಿಂಗ್ ಮೇಲೆ ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಇಲ್ಲ.

ಬಿಚ್ಚೋಕೆ ಬರದ ಹಾಗೆ ಬಿಗಿದುಕೊಳ್ಳುವುದು ಇನ್ನೊಂದು ಕಾಟ. ಪ್ಲಾಸ್ಟಿಕ್ ಡಬ್ಬದ ಮುಚ್ಚಳದಿಂದ ಒಂದು ವಾಷರ್ ಕತ್ತರಿಸಿ ಭುಜಕ್ಕೂ ನಟ್ಟಿಗೂ ನಡುವೆ ಹಾಕಿ. ನನ್ನದು ಉಪ್ಪಿನಕಾಯಿ ಡಬ್ಬದ್ದು, ಮನೆಯಲ್ಲಿ ಅದರ ಮುಚ್ಚಳ ಇನ್ನೂ ಹುಡುಕುತ್ತಿದ್ದಾರೆ.